ನಗುಮುಖದ ದೂತ

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ಡಬ್ಬಿ ಗೋಂದು.

ಅದು ಪೈಪು ಅಂಟಿಸುವ ಗೋಂದು. ಕೆಳಮನೆಯ ನಲ್ಲಿ ರಿಪೇರಿಯವನು ಕೊಟ್ಟದ್ದು. ಕೊಡುವಾಗಲೇ ಅವನು, "ಸಾರ್, ಇದು ಹಿಡೀತು ಅಂದ್ರೆ ಹಿಡೀತು. ಗಂಡ ಹೆಂಡ್ತಿ ಬಿಟ್ರೂ ಇದು ಬಿಡಲ್ಲ" ಎಂದಿದ್ದ. ಏನೋ ಮಾತಿಗೆ ಹೇಳುತ್ತಾನೆ ಎಂದುಕೊಂಡು ನಮ್ಮ ಗುಮಾಸ್ತ ನಕ್ಕಿದ್ದ. ನಕ್ಕಿದ್ದ ಎನ್ನುವುದೂ ಸರಿಯಲ್ಲ. ಅವನ ಮುಖ ಯಾವಾಗಲೂ ನಗುತ್ತಲೇ ಇರುತ್ತಿದ್ದುದರಿಂದ ಅವನು ಪ್ರತ್ಯೇಕವಾಗಿ ನಗುವ ಪ್ರಮೇಯವೇ ಬರುತ್ತಿರಲಿಲ್ಲ.

ಹುಟ್ಟಿದಂದಿನಿಂದ ಅವನ ತುಟಿಯ ಎರಡು ತುದಿಗಳೂ ಕಿವಿಗಳಿಗೆ ಏನೋ ಗುಟ್ಟು ಹೇಳಲು ಹೊರಟಂತೆ ಮೇಲಕ್ಕೆ ಏರಿದ್ದವು. ಕೆನ್ನೆಯಲ್ಲಿ ಗುಳಿ, ಕಣ್ಣಂಚಿನಲ್ಲಿ ಸುಕ್ಕು. ಶಾಲೆಯಲ್ಲಿ ಒಂದು ಏಟು ತಿಂದರೆ, ತಿನ್ನುವಾಗ ನಕ್ಕನೆಂದು ಇನ್ನೊಂದು ಏಟು. ಹೆಂಡತಿಯ ಅಜ್ಜ ತೀರಿಕೊಂಡಾಗ ಅತ್ತೆ ಅವನನ್ನು ಹಿಂದಿನ ಕೋಣೆಯಲ್ಲಿ ಕೂರಿಸಿ, ಕೈಗೊಂದು ಹಳೆಯ ಪೇಪರು ಕೊಟ್ಟು, ಬಾಗಿಲು ಮುಂದಕ್ಕೆಳೆದಿದ್ದರು. ಆ ಅಜ್ಜನನ್ನು ಕಂಡರೆ ಅವನಿಗೆ ಪ್ರಾಣ. ಪೇಪರು ಒದ್ದೆಯಾಗುವಷ್ಟು ಅತ್ತಿದ್ದ. ಆದರೆ ನೋಡಿದವರಿಗೆ ಅವನು ಪೇಪರಿನಲ್ಲಿ ವ್ಯಂಗ್ಯಚಿತ್ರ ನೋಡಿ ಕಣ್ಣಲ್ಲಿ ನೀರು ಬರುವಂತೆ ನಗುತ್ತಿರುವಂತೆ ಕಂಡಿತ್ತು.

ಇಂಥ ಮುಖ ಮಿಠಾಯಿ ಅಂಗಡಿಯಲ್ಲಿದ್ದರೆ ಬಾಳುತ್ತಿತ್ತು. ವಿಧಿ ಅದನ್ನು ತಂದು ಬಸ್ ಕಂಪನಿಯ 'ಕಳೆದುಹೋದ ಸಾಮಾನು' ಕೌಂಟರಿನಲ್ಲಿ ಕೂರಿಸಿತ್ತು. ಪೆಟ್ಟಿಗೆ ಕಳೆದುಕೊಂಡವರು, ಕನ್ನಡಕ ಬಿಟ್ಟು ಇಳಿದವರು, ಮಗಳ ಫೋಟೋ ಇದ್ದ ಚೀಲ ಮರೆತವರು ಉಸಿರು ಬಿಗಿಹಿಡಿದು ಬಂದು ಕಿಟಕಿಯೊಳಗೆ ಬಗ್ಗಿ ನೋಡಿದರೆ, ಒಳಗಿನಿಂದ ಈ ಮುಖ, "ಸಿಕ್ಕಿಲ್ಲ ಸಾರ್" ಎಂದು ಹುಣ್ಣಿಮೆಯಂತೆ ಬೆಳಗುತ್ತಿತ್ತು. ಆಫೀಸಿನಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದೇ ನಗುಮುಖ ಎಂದು.

ಹಿಂದಿನ ದಿನವಷ್ಟೇ ಮ್ಯಾನೇಜರು ಕರೆದು ಕೂರಿಸಿ ಹೇಳಿದ್ದರು. "ನೋಡ್ರೀ, ನಾಳೆ ಹೆಡ್ ಆಫೀಸಿಂದ ದೊಡ್ಡ ಸಾಹೇಬ್ರು ಬರ್ತಿದಾರೆ. ನಮ್ಮ ಡಿಪೋದಲ್ಲಿ ಬ್ರೇಕ್ ಹಿಡಿಯಲ್ಲ ಅನ್ನೋ ದೂರಿಗಿಂತ ನೀವು ನಗ್ತೀರಿ ಅನ್ನೋ ದೂರೇ ಜಾಸ್ತಿ. ನಾಳೆ ಇನ್ನೊಂದು ದೂರು ಬಂದ್ರೆ ನಿಮ್ಮನ್ನ ಮನೆಗೆ ಕಳಿಸ್ಬಿಡ್ತೀನಿ. ರಜಾ ಹಾಕಿ ತಪ್ಪಿಸ್ಕೊಂಡ್ರೂ ಅಷ್ಟೇ. ಇದರಲ್ಲಿ ನಗೋದೇನಿದೆ?"

"ನಗ್ತಿಲ್ಲ ಸಾರ್" ಎಂದಿದ್ದ ಗುಮಾಸ್ತ, ಬೆಳಗುತ್ತಾ.

ಅದೇ 'ನಾಳೆ'ಯ ಸಂಜೆ ಅವನ ನಾಟಕವಿತ್ತು.

ಅವನಿಗೆ ನಾಟಕ ಅಂಟಿದ್ದೂ ಕೌಂಟರಿನಿಂದಲೇ. ಕೆಲವು ತಿಂಗಳ ಹಿಂದೆ ನಾಟಕದ ನಿರ್ದೇಶಕಿಯೊಬ್ಬರು ಬಸ್ಸಿನಲ್ಲಿ ಟ್ರಂಕು ಬಿಟ್ಟು, ಹುಡುಕಿಕೊಂಡು ಬಂದಿದ್ದರು. ಅವನು ಒಳಗೆ ಹೋಗಿ ಹುಡುಕಿ ಬಂದು ಇಲ್ಲವೆಂದಾಗ, ಎಲ್ಲರಂತೆ ರೇಗುವ ಬದಲು ಆಕೆ, "ಇನ್ನೊಂದ್ಸಲ ಒಳಗೆ ಹೋಗಿ ಬನ್ನಿ" ಎಂದರು. ಹೋಗಿ ಬಂದ. "ಇನ್ನೊಂದ್ಸಲ." ಮತ್ತೂ ಹೋಗಿ ಬಂದ. "ನಿಮ್ಮ ಮುಖ ಹಾಳಾಗ್ಲಿ, ನಿಮ್ಮ ಬೆನ್ನು ಅಳುತ್ತೆ ಕಣ್ರೀ! ನಂಗೆ ಆ ಬೆನ್ನು ಬೇಕು" ಎಂದು ಅಲ್ಲೇ ಅವನನ್ನು ನಾಟಕಕ್ಕೆ ಗೊತ್ತು ಮಾಡಿಕೊಂಡಿದ್ದರು.

ಅದು ಗ್ರೀಕರ ಕಾಲದ ದುರಂತ ನಾಟಕ. ಹೆಸರು ಹೇಳಲು ಹೋದರೆ ನಾಲಿಗೆ ಗಂಟು ಬೀಳುವ ಒಬ್ಬ ರಾಣಿ. ಅವಳ ಇಬ್ಬರು ಗಂಡುಮಕ್ಕಳು ಒಬ್ಬರನ್ನೊಬ್ಬರು ಇರಿದು ಸಾಯುತ್ತಾರೆ. ಸಾಯುವುದನ್ನು ರಂಗದ ಮೇಲೆ ತೋರಿಸುವುದಿಲ್ಲ. ದೂತನೊಬ್ಬ ಓಡಿಬಂದು ಹೇಳುತ್ತಾನೆ. ಆ ದೂತನೇ ನಮ್ಮ ಗುಮಾಸ್ತ. ಎಲ್ಲರಿಗೂ ಮುಖವಾಡ, ಗುಂಪಾಗಿ ಉಸಿರಾಡಿ ಗುಂಪಾಗಿ ನಡೆಯುವ ಊರ ಮೇಳಕ್ಕೂ ಮುಖವಾಡ.

"ಅಳೋ ಕೆಲಸ ಮುಖವಾಡ ನೋಡ್ಕೊಳ್ಳುತ್ತೆ. ನೀವು ಬರೀ ನಡೀರಿ, ಉಸಿರಾಡಿ, ನಿಲ್ಲಿ. ದುಃಖ ಮೊದಲು ಪಾದಕ್ಕೆ ಬರುತ್ತೆ, ಆಮೇಲೆ ಮಂಡಿಗೆ, ಆಮೇಲೆ ಬೆನ್ನಿಗೆ. ಬಾಯಿಗೆ ಬರೋದು ಕಟ್ಟಕಡೇಗೆ" ಎನ್ನುತ್ತಿದ್ದರು ನಿರ್ದೇಶಕಿ.

ತಾಲೀಮಿನಲ್ಲಿ ಮೊದಲ ಸಲ ಮುಖವಾಡ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ಗುಮಾಸ್ತ ಬಹಳ ಹೊತ್ತು ಅಲ್ಲಿಂದ ಕದಲಿರಲಿಲ್ಲ. ತೋಯ್ದ ಕಾಗದವನ್ನೂ ಬಟ್ಟೆಯನ್ನೂ ಪದರ ಪದರವಾಗಿ ಒತ್ತಿ ಮಾಡಿದ, ತಲೆಯನ್ನೆಲ್ಲ ಮಡಕೆಯಂತೆ ಮುಚ್ಚುವ ಮುಖವಾಡ. ಜೋತುಬಿದ್ದ ಹುಬ್ಬು, ಬಾವಿಯಂತೆ ತೆರೆದ ಬಾಯಿ. ಒಳಗಿದ್ದವನಿಗೆ ಅನಿಸಿದ್ದು ಹೊರಗೂ ಕಾಣುತ್ತಿತ್ತು! ಇಷ್ಟು ವರ್ಷ ತನ್ನ ನಿಜವಾದ ಮುಖ ಇನ್ನೆಲ್ಲೋ ಕಳೆದುಹೋಗಿತ್ತು, ಈಗ ಸಿಕ್ಕಿತು ಎನಿಸಿತ್ತು.

ಒಂದೇ ಕೊರತೆ. ಮುಖವಾಡ ಸ್ವಲ್ಪ ಸಡಿಲ. ಓಡಿಬರುವಾಗ ಲೊಡಲೊಡ ಅಲ್ಲಾಡುತ್ತಿತ್ತು. "ನಾಳೆ ಅದು ಅಲ್ಲಾಡಿದ್ರೆ ಸತ್ತ ಮಕ್ಕಳು ಎದ್ದು ಕೂತು ನಗ್ತವೆ" ಎಂದಿದ್ದರು ನಿರ್ದೇಶಕಿ. ಅದಕ್ಕೇ ಮುಖವಾಡವನ್ನು ಮನೆಗೆ ತಂದು, ಬೆಳಿಗ್ಗೆ ಬಚ್ಚಲಮನೆಯಲ್ಲಿ ನಿಂತು, ಒಳಗೆಲ್ಲ ಸ್ಪಂಜಿನ ತುಂಡು ಮೆತ್ತಲು ಆ ಗೋಂದನ್ನು ಬಳಿದ. ಹಾಕಿ ನೋಡಿದ. ಸರಿಯಾಗಿ ಕೂತಿತು. ತಲೆ ಒದರಿದ, ಅಲ್ಲಾಡಲಿಲ್ಲ. ಕುಣಿದ, ಅಲ್ಲಾಡಲಿಲ್ಲ. ದೂತನ ಮಾತನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದ. ಖುಷಿಯಾಗಿ ತೆಗೆಯಲು ಹೋದ. ಜೊತೆಯಲ್ಲಿ ತಲೆಯೂ ಬಂತು.

"ರೀ, ಎಷ್ಟೊತ್ತು? ಆಫೀಸಿಗೆ ಹೊತ್ತಾಗಲ್ವಾ?" ಹೆಂಡತಿ ಬಾಗಿಲು ಬಡಿದಳು.

"ಬರ್ತಿಲ್ಲಾ..." ಎಂಬ ದನಿ ಬಾವಿಯ ತಳದಿಂದ ಬಂದಂತೆ ಬಂತು.

ಬಾಗಿಲು ತೆರೆದವಳು ಕಿಟಾರನೆ ಕಿರುಚಿದಳು. ಆ ಕಿರುಚಾಟಕ್ಕೆ ಮೇಲ್ಮನೆಯ ನಿವೃತ್ತ ಟೀಚರಮ್ಮ ಇಳಿದು ಬಂದರು. ಕೆಳಮನೆಯ ನಲ್ಲಿ ರಿಪೇರಿಯವನು ಹತ್ತಿ ಬಂದ. ಅಡುಗೆಮನೆಯಿಂದ ಅತ್ತೆ ಬಂದು, ಅಳಿಯನನ್ನು ಮೇಲಿಂದ ಕೆಳಗೆ ನೋಡಿ, "ಎಷ್ಟು ಲಕ್ಷಣವಾಗಿ ಕಾಣ್ತಾರೆ! ಇವತ್ತಾದ್ರೂ ಮುಖದಲ್ಲಿ ಒಂದು ಜವಾಬ್ದಾರಿ ಇದೆ" ಎಂದರು.

"ಅಮ್ಮಾ, ಸುಮ್ನಿರು. ಅಂಟ್ಕೊಂಡಿದೆ ಅದು!"

"ಅಂಟ್ಕೊಂಡಿದ್ರೆ ಬಿಡೇ, ಇರ್ಲಿ."

ಟೀಚರಮ್ಮ ಗಂಭೀರವಾಗಿ, "ಉಸಿರು ಬಿಗಿಹಿಡಿದು ತಲೆ ಸಣ್ಣ ಮಾಡ್ಕೊಳ್ಳಿ" ಎಂದು ಸಲಹೆ ಕೊಟ್ಟರು. ತಲೆಯನ್ನು ಸಣ್ಣ ಮಾಡಿಕೊಳ್ಳುವುದು ಹೇಗೆಂದು ಗುಮಾಸ್ತನಿಗೆ ತಿಳಿಯಲಿಲ್ಲ. ಟೀಚರಮ್ಮ ಮುಖವಾಡದ ಗದ್ದ ಹಿಡಿದರು, ಹೆಂಡತಿ ಸೊಂಟ ಹಿಡಿದಳು. ಇಬ್ಬರೂ ಹಗ್ಗಜಗ್ಗಾಟದಂತೆ ಎಳೆದರು. ಗೆದ್ದದ್ದು ಗೋಂದು.

"ನಾನು ಹೇಳಿರ್ಲಿಲ್ವಾ ಸಾರ್, ಹಿಡೀತು ಅಂದ್ರೆ ಹಿಡೀತು!" ನಲ್ಲಿ ರಿಪೇರಿಯವನ ದನಿಯಲ್ಲಿ ಹೆಮ್ಮೆ ತುಳುಕುತ್ತಿತ್ತು. "ಯೋಚನೆ ಮಾಡ್ಬೇಡಿ, ಕಬ್ಬಿಣ ಕುಯ್ಯೋ ಗರಗಸ ತರ್ತೀನಿ."

"ಬೇಡಾ!" ಎಂದು ಬಾವಿ ಕೂಗಿತು. ಇದ್ದದ್ದು ಒಂದೇ ಮುಖವಾಡ. ಅದನ್ನು ಕುಯ್ದರೆ ಸಂಜೆ ದೂತನಿಲ್ಲ. ದೂತನಿಲ್ಲದಿದ್ದರೆ ರಾಣಿಗೆ ಮಕ್ಕಳು ಸತ್ತ ಸುದ್ದಿಯೇ ತಲುಪುವುದಿಲ್ಲ. ನಾಟಕ ಮುಗಿಯುವುದೇ ಇಲ್ಲ. ಇನ್ನು ಆಫೀಸಿಗೆ ಹೋಗದಿದ್ದರೆ ಕೆಲಸವಿಲ್ಲ. ಕಡೆಗೆ ಹೀಗೇ ಹೋಗುವುದೆಂದು ತೀರ್ಮಾನವಾಯಿತು. ನಲ್ಲಿ ರಿಪೇರಿಯವನು ಒಂದು ರಬ್ಬರ್ ಕೊಳವೆ ತಂದು ಮುಖವಾಡದ ಬಾಯೊಳಗೆ ಇಳಿಬಿಟ್ಟ. ಆ ಕಡೆಯಿಂದ ಹೆಂಡತಿ ಟೀ ಹುಯ್ದಳು. ಅರ್ಧ ಹೊಟ್ಟೆಗೆ, ಅರ್ಧ ಅಂಗಿಗೆ.

ಬಸ್ಸಿನಲ್ಲಿ ಅವನು ಹತ್ತಿದ್ದೇ ತಡ, ಗದ್ದಲವೆಲ್ಲ ನಿಂತುಹೋಯಿತು. ಎಂದೂ ಯಾರಿಗೂ ಸೀಟು ಬಿಟ್ಟುಕೊಡದ ಒಬ್ಬ ದಪ್ಪ ಮನುಷ್ಯ ಎದ್ದು ನಿಂತ. ಪಕ್ಕದ ಮುದುಕಿ ಅವನ ಕೈ ಸವರಿ, "ಅಳ್ಬೇಡ ಮಗಾ, ಎಲ್ಲಾ ಸರಿ ಹೋಗುತ್ತೆ" ಎಂದು ತನ್ನ ಚೀಲದಿಂದ ಒಂದು ಬಾಳೆಹಣ್ಣು ತೆಗೆದು, ಸುಲಿದು, ಬಾಯೊಳಗೆ ಇಟ್ಟೇಬಿಟ್ಟಳು. ಗುಮಾಸ್ತನಿಗೆ ನಿಜವಾಗಿಯೂ ಅಳು ಬಂತು. ನಲವತ್ತು ದಾಟಿದ ಈ ವಯಸ್ಸಿನವರೆಗೆ ಯಾರೂ ಅವನಿಗೆ ಅಳಬೇಡ ಎಂದಿರಲಿಲ್ಲ.

ಆಫೀಸಿನಲ್ಲಿ ಮ್ಯಾನೇಜರು ಅವನನ್ನು ನೋಡಿ ಕೈಯಲ್ಲಿದ್ದ ಲೋಟ ಬಿಟ್ಟರು.

"ಯಾರ್ರೀ ಅದು?"

"ನಾನೇ ಸಾರ್. ನಗುಮುಖ."

"ತೆಗೀರಿ ಅದನ್ನ! ಸಾಹೇಬ್ರು ಬರೋ ಹೊತ್ತಾಯ್ತು!"

"ಬರಲ್ಲ ಸಾರ್."

"ಬರ್ತಾರೆ ಕಣ್ರೀ, ಗಾಡಿ ಹೊರಟಾಯ್ತು!"

"ಸಾಹೇಬ್ರಲ್ಲ ಸಾರ್, ಇದು ಬರಲ್ಲ."

ಮ್ಯಾನೇಜರು ತಾವೂ ಒಂದು ಕೈ ಎಳೆದು ನೋಡಿದರು. ಅಷ್ಟರಲ್ಲಿ ಕೌಂಟರಿನ ಮುಂದೆ ಜನ ಸೇರಿದ್ದರು. ಬೇರೆ ದಾರಿ ಕಾಣದೆ ಅವನನ್ನು ಕುರ್ಚಿಗೆ ತಳ್ಳಿ, "ಏನಾದ್ರೂ ಆಗ್ಲಿ, ಅಲ್ಲಾಡದೆ ಕೂತಿರಿ" ಎಂದು ಒಳಗೆ ಓಡಿದರು.

ಮೊದಲು ಬಂದವನು ಪಿಟೀಲು ಕಳೆದುಕೊಂಡಿದ್ದ ವಾದ್ಯಗಾರ. ದಿನಾ ಬಂದು ಕಿಟಕಿಗೆ ಗುದ್ದಿ, "ನಗ್ತೀರಾ? ನನ್ನ ಬದುಕು ಹೋಗಿದೆ, ನಿಮಗೆ ನಗು!" ಎಂದು ಕೂಗಾಡಿ ದೂರು ಕೊಟ್ಟು ಹೋಗುತ್ತಿದ್ದವನು ಅವನೇ. ಈ ದಿನವೂ ಮುಷ್ಟಿ ಎತ್ತಿದವನು ಒಳಗೆ ಬಗ್ಗಿ ನೋಡಿ ಹಾಗೇ ನಿಂತ. ಗುಮಾಸ್ತ ಕಲಿತಿದ್ದೆಲ್ಲ ನೆನಪು ಮಾಡಿಕೊಂಡ. ಮೊದಲು ಪಾದ. ಆಮೇಲೆ ಮಂಡಿ. ಬೆನ್ನು ನಿಧಾನವಾಗಿ ಬಾಗಿತು. ಒಂದು ಉಸಿರು ಒಳಗೆ ಹೋಗಿ, ಎರಡು ಉಸಿರಾಗಿ ಹೊರಗೆ ಬಂತು. ಕಟ್ಟಕಡೆಗೆ, ಬಾವಿಯ ಆಳದಿಂದ, "ಸಿಗಲಿಲ್ಲಾ..."

ವಾದ್ಯಗಾರನ ಮುಷ್ಟಿ ಬಿಚ್ಚಿತು. "ಹೋಗ್ಲಿ ಬಿಡಿ ಸಾರ್" ಎಂದ ಮೆಲ್ಲಗೆ. "ಹಳೇ ಪಿಟೀಲು ಅದು. ಒಂದು ತಂತಿ ಮೊದಲೇ ಇರ್ಲಿಲ್ಲ. ನೀವು ಇಷ್ಟು ಮನಸ್ಸಿಗೆ ಹಚ್ಕೋಬೇಡಿ." ಹೋಗುವಾಗ ಹಿಂದಿನವರಿಗೆ, "ನಿಧಾನಕ್ಕೆ ಮಾತಾಡ್ಸಿ, ತುಂಬಾ ನೊಂದಿದಾರೆ" ಎಂದು ಹೇಳಿಯೂ ಹೋದ.

ಹಲ್ಲುಸೆಟ್ಟು ಕಳೆದುಕೊಂಡಿದ್ದ ಅಜ್ಜ, ಬೊಚ್ಚುಬಾಯಲ್ಲೇ ಅವನಿಗೆ ಧೈರ್ಯ ಹೇಳಿದರು. ಕೊಡೆ ಕಳೆದುಕೊಂಡಿದ್ದ ಹೆಂಗಸು, ತಾನು ಮನೆಯಲ್ಲಿಟ್ಟೇ ಮರೆತಿರಬಹುದೆಂದು ತಪ್ಪೊಪ್ಪಿಕೊಂಡು ಹೋದಳು. ದೊಡ್ಡ ಸಾಹೇಬರು ಬಂದಾಗ ಕೌಂಟರಿನ ಮುಂದೆ ಜನ ಸಾಲಾಗಿ ನಿಂತು, ಕಣ್ಣೊರೆಸಿಕೊಂಡು, ಏನೂ ಸಿಗದೆ, ಕೈಮುಗಿದು ಹೋಗುತ್ತಿದ್ದರು.

"ಏನ್ರೀ ಇದು?" ಸಾಹೇಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

ಮ್ಯಾನೇಜರು ಒಂದು ಕ್ಷಣ ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಿ, "ನನ್ನದೇ ಹೊಸ ಯೋಜನೆ ಸಾರ್. ಗ್ರಾಹಕರ ದುಃಖದಲ್ಲಿ ಕಂಪನಿಯ ಪಾಲು" ಎಂದರು.

"ಭೇಷ್! ಇದೆಲ್ಲಿ ಕಲಿತ್ರಿ?"

"ಗ್ರೀಕರಿಂದ ಸಾರ್" ಎಂದ ಗುಮಾಸ್ತ ಬಾವಿಯೊಳಗಿಂದ. ಸಂಜೆ ನಾಟಕವಿರುವುದನ್ನೂ ಹೇಳಿದ. ಸಾಹೇಬರು ತಾವು ಬಂದೇ ಬರುವುದಾಗಿಯೂ, ಮ್ಯಾನೇಜರೂ ಜೊತೆಗೆ ಬರಲೇಬೇಕೆಂದೂ ಹೇಳಿದರು. ಮ್ಯಾನೇಜರ ತಾಯಿಗೆ ಅಂದು ಸಂಜೆಯೇ ಆಸ್ಪತ್ರೆಯಲ್ಲಿ ಆಪರೇಷನ್. ಅವರು ತಲೆ ಕೆರೆದುಕೊಂಡರು. ಸಾಹೇಬರಿಗೆ ಇಲ್ಲ ಎನ್ನಲಾದೀತೆ? ಹೇಗೂ ಆಸ್ಪತ್ರೆಯಲ್ಲಿ ತಾಯಿಯ ಜೊತೆ ತಂಗಿ ಇದ್ದಾಳಲ್ಲ. ರಂಗಮಂದಿರದಲ್ಲಿ ಮೊಬೈಲು ಬಂದ್ ಮಾಡಿಸುತ್ತಾರೆಂದು, ಅಲ್ಲಿನ ಆಫೀಸಿನ ನಂಬರನ್ನು ಅವಳಿಗೆ ಕೊಟ್ಟು ಹೊರಟರು.

ಸಂಜೆ ರಂಗದ ಹಿಂದೆ ನಿರ್ದೇಶಕಿ, ಅಂಟಿದ ಕತೆಯನ್ನೆಲ್ಲ ಕೇಳಿ ಚಪ್ಪಾಳೆ ತಟ್ಟಿದರು. "ಒಳ್ಳೇದೇ ಆಯ್ತು! ಇನ್ನು ಅಲ್ಲಾಡೋ ಮಾತೇ ಇಲ್ಲ."

ಗುಮಾಸ್ತನಿಗೂ ನೆಮ್ಮದಿಯಾಯಿತು. ದಿನವೆಲ್ಲ ಒಂದೂ ದೂರಿಲ್ಲ. ಕೆಲಸ ಉಳಿಯಿತು. ಇನ್ನೇನು, ಓಡಿಹೋಗಿ ಸುದ್ದಿ ಹೇಳಿಬಿಟ್ಟರೆ ಮುಗಿಯಿತು.

ಆಗ ಬಂದ ನಲ್ಲಿ ರಿಪೇರಿಯವನು. ಕೈಯಲ್ಲಿ ಒಂದು ಫ್ಲಾಸ್ಕು.

"ಸಾರ್, ದಿನವೆಲ್ಲ ನನಗೆ ಊಟ ಸೇರಿಲ್ಲ. ನನ್ನ ಗೋಂದಿಂದ ನಿಮಗೆ ಹೀಗಾಯ್ತಲ್ಲ ಅಂತ. ಇದು ಬಿಸಿ ಎಣ್ಣೆ, ಸೋಪಿನ ನೀರು, ಇನ್ನೊಂದೇನೋ ಸೇರಿಸಿದೀನಿ. ಈಗ ಬಿಟ್ರೆ ನಾಟಕ ಮುಗಿಯೋ ಹೊತ್ತಿಗೆ ಬೆಣ್ಣೆ ಥರ ಜಾರುತ್ತೆ."

"ಈಗ ಬೇಡ ಮಾರಾಯಾ, ಆಮೇಲೆ..."

ಪರೋಪಕಾರಿಗಳಿಗೆ ಕಿವಿ ಇರುವುದಿಲ್ಲ. ಅವನು ಆಗಲೇ ಕತ್ತಿನ ಹಿಂದಿನ ಸಂದಿನಿಂದ ಫ್ಲಾಸ್ಕನ್ನು ಬಗ್ಗಿಸಿಯಾಗಿತ್ತು. ಬೆನ್ನ ಮೇಲೆ ಬಿಸಿಬಿಸಿಯಾಗಿ ಏನೋ ಇಳಿಯುತ್ತಿರುವಾಗಲೇ ನಗಾರಿ ಮೊಳಗಿತು. ದೂತನ ಸರದಿ.

ಅವನು ಓಡಿದ. ಆ ಓಟವನ್ನು ಆ ರಂಗಮಂದಿರ ಹಿಂದೆಂದೂ ಕಂಡಿರಲಿಲ್ಲ. ಬೆನ್ನು ಸುಡುತ್ತಿದ್ದವನ ಓಟ ಅದು. ಊರ ಮೇಳ ಒಂದೇ ಉಸಿರಿನಲ್ಲಿ ಅಲೆಯಂತೆ ಎರಡಾಗಿ ಸರಿಯಿತು. ನಡುವೆ ರಾಣಿ. ಅವನು ಅವಳ ಮುಂದೆ ಬಂದು ನಿಂತ. ಪಾದ. ಮಂಡಿ. ಬೆನ್ನು. ಆಕಾಶಕ್ಕೆ ಮೊರೆಯಿಡುವಂತೆ ತಲೆಯನ್ನು ಹಿಂದಕ್ಕೆ ಎಸೆದ.

ಫಳಕ್ ಎಂದಿತು. ತಲೆ ವಾಪಸು ಬಂತು, ಮುಖವಾಡ ಬರಲಿಲ್ಲ. ಅದು ಅವನ ಬೆನ್ನ ಹಿಂದೆ ದೊಪ್ಪನೆ ಬಿದ್ದು, ಉರುಳಿ ಉರುಳಿ, ಮೇಳದವನೊಬ್ಬನ ಕಾಲಿಗೆ ತಾಗಿ ಒಡೆದು ಎರಡಾಯಿತು.

ದೀಪದ ಬೆಳಕೆಲ್ಲ ಅವನ ಮುಖದ ಮೇಲೆ. ಎಣ್ಣೆಯಲ್ಲಿ ಮಿಂದು ಫಳಫಳ ಹೊಳೆಯುವ ಮುಖ. ಕಿವಿಯ ಮೇಲೆ ಹಳದಿ ಸ್ಪಂಜು. ಕಿವಿಯಿಂದ ಕಿವಿಯವರೆಗೆ ನಗು.

ಮುಂದಿನ ಸಾಲಿನಲ್ಲಿ ಮ್ಯಾನೇಜರು ಕಣ್ಣು ಮುಚ್ಚಿಕೊಂಡರು. ಅತ್ತೆ, "ಅಯ್ಯೋ, ಮತ್ತೆ ಅದೇ ಮುಖ!" ಎಂದು ಹಣೆ ಚಚ್ಚಿಕೊಂಡರು. ಪಕ್ಕದ ಪರದೆಯ ಸಂದಿನಲ್ಲಿ ನಿರ್ದೇಶಕಿ ನೆಲಕ್ಕೆ ಕುಸಿದರು. ಓಡಿಹೋಗಬೇಕೆಂದು ಗುಮಾಸ್ತನಿಗೆ ಅನಿಸಿತು. ಆದರೆ ಎದುರಿಗೆ ರಾಣಿ ಕಾಯುತ್ತಿದ್ದಳು. ಪಾಪ, ಅವಳಿಗೆ ಯಾರಾದರೂ ಹೇಳಲೇಬೇಕಲ್ಲ. ಅವನಿಗೆ ಯಾಕೋ ಹೆಂಡತಿಯ ಅಜ್ಜನ ನೆನಪಾಯಿತು.

"ತಾಯೀ" ಎಂದ, ಬೆಳಗುತ್ತಾ, "ನಿನ್ನ ಮಕ್ಕಳಿಬ್ಬರೂ ಇನ್ನಿಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸು ಬಿಕ್ಕಿದಳು. ಅವಳ ಹಿಂದೆ ಇನ್ನೊಬ್ಬರು. ದುಃಖ ಕಟ್ಟೆಯೊಡೆದರೆ ಮುಖ ಹೀಗೇ ಆಗಿಬಿಡುತ್ತದೆ, ಅಳುವುದನ್ನೂ ಮರೆತು ಹಲ್ಲು ಬಿಡುತ್ತದೆ ಎಂದು ಎಲ್ಲರಿಗೂ ಒಟ್ಟಿಗೆ ಹೊಳೆದಂತಾಯಿತು. ಒಬ್ಬೊಬ್ಬ ಮಗನ ಹೆಸರು ಹೇಳಿದಾಗಲೂ ಆ ನಗು ಇನ್ನಷ್ಟು ಅಗಲವಾದಂತೆ ಕಂಡು ಜನ ಸೆರಗಿಗೂ ಕರವಸ್ತ್ರಕ್ಕೂ ಕೈಹಾಕಿದರು. ದೊಡ್ಡ ಸಾಹೇಬರು ಮ್ಯಾನೇಜರ ಕರವಸ್ತ್ರ ಕಿತ್ತುಕೊಂಡು ಮೂಗು ಒರೆಸಿದರು. ಮ್ಯಾನೇಜರು ಸಾಹೇಬರ ಭುಜಕ್ಕೇ ಮುಖ ಒರಗಿಸಿದರು. ಅತ್ತೆಯಂತೂ, "ಅವತ್ತು ನಮ್ಮಪ್ಪ ಹೋದಾಗ್ಲೂ ಹೀಗೇ ಅಳ್ತಿದ್ರಲ್ಲೇ! ನಾನು ಪಾಪಿ, ಬಾಗಿಲು ಹಾಕ್ಬಿಟ್ಟೆ!" ಎಂದು ಮಗಳನ್ನು ತಬ್ಬಿಕೊಂಡು ಗೋಳಾಡಿದರು.

ನಾಟಕ ಮುಗಿದ ಮೇಲೆ ಚಪ್ಪಾಳೆ ನಿಲ್ಲಲೇ ಇಲ್ಲ. ನಿರ್ದೇಶಕಿ ಎದ್ದು ಬಂದು, "ಮುಂದಿನ ಆಟಕ್ಕೆ ಮುಖವಾಡ ಬೇಡ ಕಣ್ರೀ. ಇಂಥ ಭಯಂಕರವಾದ ಮುಖ ನಾನು ಯಾವ ಗ್ರೀಕ್ ನಾಟಕದಲ್ಲೂ ನೋಡಿಲ್ಲ" ಎಂದರು. ಗುಮಾಸ್ತ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡ. ಅವನ ಕಾಲು ನೆಲದ ಮೇಲಿರಲಿಲ್ಲ. ಇನ್ನು ಮುಂದೆ ತನ್ನ ಮುಖ ನೋಡಿ ಯಾರೂ ತಪ್ಪು ತಿಳಿಯುವುದಿಲ್ಲ!

ಹಾಗೆ ತೇಲುತ್ತಾ ಹೊರಗೆ ಬರುವಾಗ ರಂಗಮಂದಿರದ ಆಫೀಸಿನವರು ಕರೆದರು. "ಆಸ್ಪತ್ರೆಯಿಂದ ಫೋನಿತ್ತು. ಬಸ್ ಕಂಪನಿ ಮ್ಯಾನೇಜರ ತಾಯಿದು ಆಪರೇಷನ್ ಚೆನ್ನಾಗಿ ಆಯ್ತಂತೆ. ಎದ್ದು ಕೂತು ಕಾಫಿ ಕೇಳ್ತಿದಾರಂತೆ. ಸ್ವಲ್ಪ ತಿಳಿಸಿಬಿಡ್ತೀರಾ?"

ತಿಳಿಸುವುದೇ? ಗುಮಾಸ್ತ ಓಡಿದ. ಜೀವಮಾನದಲ್ಲಿ ಮೊದಲ ಬಾರಿಗೆ, ತನ್ನ ಮುಖಕ್ಕೆ ತಕ್ಕ ಸುದ್ದಿಯೊಂದು ಕೈಗೆ ಸಿಕ್ಕಿತ್ತು. ಹೊರ ಅಂಗಳದಲ್ಲಿ ಮ್ಯಾನೇಜರೂ ಸಾಹೇಬರೂ ಇನ್ನೂ ಕಣ್ಣೊರೆಸಿಕೊಳ್ಳುತ್ತಾ ಕಾರಿನ ಬಳಿ ನಿಂತಿದ್ದರು. ಅವನು ಜನರನ್ನು ಸರಿಸಿಕೊಂಡು ಎದುರಿಗೆ ಹೋಗಿ ನಿಂತ. ಖುಷಿಗೆ ಉಸಿರು ಕಟ್ಟಿತ್ತು. ಮುಖ ಎಣ್ಣೆಯಲ್ಲಿ ಹೊಳೆಯುತ್ತಿತ್ತು.

"ಸಾರ್" ಎಂದ, ತನ್ನ ಇಡೀ ನಗುವನ್ನು ನಕ್ಕು, "ಆಸ್ಪತ್ರೆಯಿಂದ ಫೋನ್ ಬಂದಿತ್ತು. ನಿಮ್ಮ ತಾಯಿ..."

ಮ್ಯಾನೇಜರು ಆ ನಗುವನ್ನು ನೋಡಿದರು. "ಅಮ್ಮಾ!" ಎಂದು ಒಂದೇ ಒಂದು ಚೀತ್ಕಾರ ಹಾಕಿ ಕಡಿದ ಮರದಂತೆ ಉರುಳಿದರು.

ಅಂಗಳದಲ್ಲಿದ್ದ ಪ್ರೇಕ್ಷಕರೆಲ್ಲ ಮತ್ತೊಮ್ಮೆ ಗೊಳೋ ಎಂದು ಅತ್ತರು. ಯಾರೋ ನೀರು ತಂದರು. ಗುಮಾಸ್ತ ಗಾಬರಿಯಿಂದ ಮಂಡಿಯೂರಿ ಮ್ಯಾನೇಜರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಮುಖದ ಹತ್ತಿರ ಮುಖ ತಂದು, "ಸಾರ್, ಸಾರ್, ಗಾಬರಿ ಆಗ್ಬೇಡಿ" ಎಂದ. ಮ್ಯಾನೇಜರು ಕಣ್ಣು ಬಿಟ್ಟರು. ಮೊದಲು ಕಂಡದ್ದೇ ಆ ನಗು.

"ಈಗ ಇನ್ಯಾರ್ರೀ ಹೋದ್ರು?" ಎಂದು ಕ್ಷೀಣ ದನಿಯಲ್ಲಿ ಕೇಳಿ, ಉತ್ತರಕ್ಕೆ ಕಾಯದೆ, ಮತ್ತೆ ಕಣ್ಣು ಮುಚ್ಚಿದರು.

ಕಡೆಗೆ ಗುಮಾಸ್ತನ ಮುಖಕ್ಕೆ ಅವನ ಹೆಂಡತಿ ಟವೆಲು ಹೊದಿಸಿ ದೂರ ಕೂರಿಸಿದ ಮೇಲೆಯೇ ಸುದ್ದಿ ಪೂರ್ತಿಯಾಗಿ ತಲುಪಿದ್ದು. ತಾಯಿ ಕಾಫಿ ಕುಡಿಯುತ್ತಿರುವುದನ್ನು ಫೋನಿನಲ್ಲಿ ತಾವೇ ಕೇಳಿ ಖಚಿತಪಡಿಸಿಕೊಂಡ ಮ್ಯಾನೇಜರು, ಧೂಳು ಕೊಡವಿಕೊಂಡು ಎದ್ದು ನಿಂತರು. ಹಣೆಯ ಮೇಲೆ ನಿಂಬೆಹಣ್ಣಿನಷ್ಟು ದೊಡ್ಡ ಬೋರೆ ಎದ್ದಿತ್ತು. ಸಾಹೇಬರ ಕಡೆ ತಿರುಗಿದರು.

"ಸಾರ್, ನಾಳೆ ಅಲ್ಲ, ಈಗ್ಲೇ ಈ ಮನುಷ್ಯನನ್ನ ಮನೆಗೆ ಕಳಿಸ್ಬೇಕು. ಅವನ ಮೇಲೆ ನನ್ನದೇ ಒಂದು ದೂರಿದೆ."

"ಏನಂತ? ನಗ್ತಾನೆ ಅಂತಾನಾ?" ಸಾಹೇಬರು ಕೇಳಿದರು.

"ಅಲ್ಲ ಸಾರ್" ಎಂದರು ಮ್ಯಾನೇಜರು ಬೋರೆ ಮುಟ್ಟಿಕೊಳ್ಳುತ್ತಾ. "ಅಳಿಸ್ತಾನೆ ಅಂತ."

ಟವೆಲಿನೊಳಗೆ ಗುಮಾಸ್ತ ಬಿಕ್ಕಿ ಬಿಕ್ಕಿ ಅಳತೊಡಗಿದ. ಭುಜ ಕುಣಿಯುವುದನ್ನು ದೂರದಿಂದ ನೋಡಿದ ಸಾಹೇಬರು, "ನೋಡ್ರೀ, ಈಗ್ಲೂ ನಗ್ತಿದಾನೆ!" ಎಂದರು.